ಸಮುದ್ರದಲ್ಲಿ ಪಾಚಿ ಉಕ್ಕೋದು ಯಾಕೆ, ನಮ್ಮ ಕೆರೆ ಹಸಿರಾಗೋದಕ್ಕೂ ಅದಕ್ಕೂ ಏನು ಸಂಬಂಧ

ಬೇಸಿಗೆ ಶುರುವಾದ್ರೆ ಸಾಕು, ಕೋಲಾರ ಚಿಕ್ಕಬಳ್ಳಾಪುರ ಕಡೆ ವಾಟ್ಸಾಪ್ ಗ್ರೂಪುಗಳಲ್ಲಿ ಎರಡು ಥರದ ವಿಡಿಯೋ ಓಡಾಡ್ತವೆ. ಒಂದರಲ್ಲಿ ಯಾವುದೋ ದೇಶದ ಬೀಚಿಗೆ ಮಂಡಿಯುದ್ದ ಕಂದು ಸೊಪ್ಪು ಬಂದು ಬಿದ್ದಿರುತ್ತೆ, ಜೆಸಿಬಿಲಿ ಬಾಚಿ ಟಿಪ್ಪರಿಗೆ ತುಂಬ್ತಿರ್ತಾರೆ. ಇನ್ನೊಂದು ಪಕ್ಕದೂರಿನದೇ ಕೆರೆ, ನೀರೆಲ್ಲ ಗಟ್ಟಿ ಹಸಿರು, ದಡದ ಉದ್ದಕ್ಕೂ ಹೊಟ್ಟೆ ಮೇಲಾಗಿರೋ ಮೀನು. ಎರಡರ ಕೆಳಗೂ ಬರೋ ಮಾತು ಒಂದೇ, ಯಾರೋ ವಿಷ ಹಾಕಿದಾರೆ ಅಂತ. ಒಂದೊಂದ್ಸಲ ಅದೂ ಇರಬಹುದು, ಆದ್ರೆ ಬಹಳಷ್ಟು ಕಡೆ ನಡೆದಿರೋದು ಬೇರೇನೇ. ನೀರಿಗೆ ಬಿದ್ದಿರೋದು ವಿಷ ಅಲ್ಲ, ಗೊಬ್ಬರ. ಸಮುದ್ರ ನಮಗೆ ನೂರಾರು ಕಿಲೋಮೀಟರ್ ದೂರ ಇದ್ರೂ ಅಲ್ಲಿ ಏನಾಗುತ್ತೆ ಅಂತ ತಿಳ್ಕೊಂಡ್ರೆ ನಮ್ಮ ಕೆರೆ ಕಥೇನೂ ಅರ್ಥ ಆಗುತ್ತೆ, ಅದಕ್ಕೇ ಎರಡನ್ನೂ ಜೊತೇಲಿಟ್ಟು ಬರೀತಿದೀನಿ.

ಪಾಚಿ ಅಂದ್ರೆ ಯಾವುದು

ಪಾಚಿಗೆ ಬೇರಿಲ್ಲ, ಹೂ ಬಿಡಲ್ಲ, ಬೀಜ ಕಟ್ಟಲ್ಲ. ಆದ್ರೂ ಗಿಡಗಳ ಥರಾನೇ ಬಿಸಿಲು, ಗಾಳಿ, ನೀರಿಂದ ತನ್ನ ಊಟ ತಾನೇ ಮಾಡ್ಕೊಳ್ಳುತ್ತೆ. ಇದರಲ್ಲಿ ಎರಡು ಜಾತಿ ಅಂತ ಇಟ್ಕೊಳ್ಳಿ. ಕೈಲಿ ಹಿಡಿಯೋಕಾಗೋ ದೊಡ್ಡ ಪಾಚಿ ಒಂದು, ಸಮುದ್ರದಲ್ಲಿ ಇದಕ್ಕೇ ಸೀವೀಡ್ ಅಂತಾರೆ, ಕಡಲಕಳೆ ಅಂತಾನೂ ಬರೀತಾರೆ, ಹಸಿರು, ಕಂದು, ಕೆಂಪು ಅಂತ ಮೂರು ಗುಂಪು. ಟೊಮ್ಯಾಟೊ ಬೆಳೆಯೋರಿಗೆ ಇದು ಪರಿಚಯ ಇರೋ ವಸ್ತುನೇ, ಗೊಬ್ಬರದಂಗಡೀಲಿ ಬಾಟಲಿಯಲ್ಲಿ ಸಿಗುತ್ತಲ್ಲ ಸೀವೀಡ್ ಎಕ್ಸ್‌ಟ್ರಾಕ್ಟ್, ಎಲೆಗೆ ಸ್ಪ್ರೇ ಮಾಡೋದು, ಅದು ಇದರ ರಸ. ತಮಿಳುನಾಡಿನ ಮಂಡಪಂ ಕಡೆ ಕಪ್ಪಾಫೈಕಸ್ ಅನ್ನೋ ಪಾಚಿನ ಸಮುದ್ರದಲ್ಲೇ ತೆಪ್ಪ ಕಟ್ಟಿ ಬೆಳೀತಾರೆ.

ಎರಡನೇದು ಕಣ್ಣಿಗೆ ಕಾಣದ ಸೂಕ್ಷ್ಮ ಪಾಚಿ. ಒಂದೊಂದೂ ಒಂದೇ ಜೀವಕೋಶ, ಕೋಟಿಗಟ್ಲೆ ಸೇರಿದಾಗ ಮಾತ್ರ ನೀರಿನ ಬಣ್ಣ ಬದಲಾಗೋದು ಕಾಣುತ್ತೆ. ನಮ್ಮ ಕೆರೆ ಹಸಿರಾಗೋದು ಬಹುಪಾಲು ಇದರಿಂದ, ಅದರಲ್ಲೂ ನೀಲಿಹಸಿರು ಪಾಚಿ ಅನ್ನೋದರಿಂದ, ಅದು ಹೆಸರಿಗೆ ಪಾಚಿ ಆದ್ರೂ ನಿಜಕ್ಕೂ ಒಂದು ಬ್ಯಾಕ್ಟೀರಿಯಾ. ಕೆರೆ ಮೇಲೆ ನೇರಳೆ ಹೂ ಬಿಟ್ಕೊಂಡು ತೇಲೋ ಅಂತರಗಂಗೆ ಗಿಡ ಪಾಚಿ ಅಲ್ಲ, ಅದಕ್ಕೆ ಬೇರು, ಎಲೆ, ಹೂ ಎಲ್ಲ ಇದೆ, ಆದ್ರೆ ಅದು ಹಬ್ಬೋ ಕಾರಣ ಮಾತ್ರ ಇದೇ.

ಪಾಚಿ ಇರೋದು ತಪ್ಪಲ್ಲ, ಇರಲೇಬೇಕು. ಭೂಮಿ ಮೇಲೆ ಹುಲ್ಲು ಮಾಡೋ ಕೆಲಸನ ನೀರಲ್ಲಿ ಇದು ಮಾಡುತ್ತೆ, ಇದನ್ನ ಸಣ್ಣ ಹುಳ ತಿನ್ನುತ್ತೆ, ಹುಳನ ಮೀನು ತಿನ್ನುತ್ತೆ. ಕೆಲವೇ ದಿನ ಅಥವಾ ವಾರದಲ್ಲಿ ತಿನ್ನೋರ ಕೈ ಮೀರಿ ಅದು ಬೆಳೆದುಬಿಟ್ರೆ ಅದಕ್ಕೆ ಬ್ಲೂಮ್ ಅಂತಾರೆ, ಕನ್ನಡದಲ್ಲಿ ಪಾಚಿ ಉಕ್ಕೋದು ಅನ್ನಬಹುದು.

ಎಷ್ಟು ಬೆಳೆಯುತ್ತೆ ಅನ್ನೋದನ್ನ ತೀರ್ಮಾನ ಮಾಡೋದು ಯಾವುದು

ಬಿಸಿಲು ಬೇಕು, ಬೆಚ್ಚಗಿನ ನೀರು ಬೇಕು, ನೀರು ಜಾಸ್ತಿ ಅಲ್ಲಾಡದೆ ನಿಂತಿದ್ರೆ ಇನ್ನೂ ಒಳ್ಳೇದು. ನಮ್ಮ ದೇಶದಲ್ಲಿ ಇವು ಮೂರಕ್ಕೂ ಬರ ಇಲ್ಲ. ಕಡಿಮೆ ಬೀಳೋದು ಸಾರಜನಕ ಮತ್ತು ರಂಜಕ, ಅಂದ್ರೆ ಯೂರಿಯಾದಲ್ಲಿರೋ ನೈಟ್ರೋಜನ್ನು, ಡಿಎಪಿ ಗೊಬ್ಬರದಲ್ಲಿರೋ ಫಾಸ್ಫರಸ್ಸು. ಸಮುದ್ರದ ಸೂಕ್ಷ್ಮ ಪಾಚಿ ಮೈಯಲ್ಲಿ ಪರಮಾಣು ಲೆಕ್ಕದಲ್ಲಿ (ತೂಕದಲ್ಲಲ್ಲ) ಸರಾಸರಿ 106 ಪಾಲು ಇಂಗಾಲಕ್ಕೆ 16 ಪಾಲು ಸಾರಜನಕ, 1 ಪಾಲು ರಂಜಕ ಇರುತ್ತೆ. ಅಮೆರಿಕದ ವಿಜ್ಞಾನಿ ಆಲ್‌ಫ್ರೆಡ್ ರೆಡ್‌ಫೀಲ್ಡ್ ಕಂಡುಹಿಡಿದಿದ್ದಕ್ಕೆ ಇದನ್ನ ರೆಡ್‌ಫೀಲ್ಡ್ ಅನುಪಾತ ಅಂತಾರೆ. ಇವುಗಳಲ್ಲಿ ಯಾವುದು ಮೊದಲು ಖಾಲಿಯಾಗುತ್ತೋ ಅಲ್ಲಿಗೆ ಬೆಳವಣಿಗೆ ನಿಲ್ಲುತ್ತೆ. ಮನೇಲಿ ಒಂದು ಮೂಟೆ ರಾಗಿ ಹಿಟ್ಟಿದ್ರೂ ಪಾತ್ರೇಲಿ ಎಸರು ಎಷ್ಟಿದೆಯೋ ಅಷ್ಟೇ ಮುದ್ದೆ ಆಗೋದು, ಹಂಗೆ. ಎಸರು ಜಾಸ್ತಿ ಮಾಡಿದ್ರೆ ಮುದ್ದೆ ಜಾಸ್ತಿ ಆಗುತ್ತೆ, ಹಿಟ್ಟನ್ನ ಇನ್ನೊಂದು ಮೂಟೆ ತಂದಿಟ್ರೆ ಏನೂ ಆಗಲ್ಲ.

ಸಾಮಾನ್ಯವಾಗಿ ಕೆರೆ ಸರೋವರಗಳಲ್ಲಿ ಕಡಿಮೆ ಬೀಳೋದು ರಂಜಕ, ಸಮುದ್ರದಲ್ಲಿ ಸಾರಜನಕ. ಇದನ್ನ ಕಣ್ಣಿಗೆ ಕಾಣೋ ಹಂಗೆ ತೋರಿಸಿದ್ದು ಕೆನಡಾದಲ್ಲಿ ಡೇವಿಡ್ ಶಿಂಡ್ಲರ್ ಅನ್ನೋ ವಿಜ್ಞಾನಿ ಮತ್ತು ಅವರ ತಂಡ. 1973ರಲ್ಲಿ ಅವರು ಒಂದು ಸಣ್ಣ ಸರೋವರನ, ಅದರ ನಂಬರ್ 226, ಮಧ್ಯಕ್ಕೆ ಪ್ಲಾಸ್ಟಿಕ್ ಪರದೆ ಎಳೆದು ಎರಡು ಭಾಗ ಮಾಡಿದ್ರು. ಎರಡೂ ಕಡೆ ಇಂಗಾಲ, ಸಾರಜನಕ ಹಾಕಿದ್ರು, ಒಂದು ಕಡೆಗೆ ಮಾತ್ರ ಜೊತೆಗೆ ರಂಜಕ. ಮೇಲಿಂದ ತೆಗೆದ ಫೋಟೋದಲ್ಲಿ ರಂಜಕ ಹಾಕಿದ ಅರ್ಧ ಪೂರ್ತಿ ಹಸಿರು, ಪರದೆ ಆಚೆ ಅರ್ಧ ಕಪ್ಪು ನೀಲಿ ನೀರು ಹಂಗೇ ಇದೆ. ಬಟ್ಟೆ ಸೋಪಿನ ಪುಡೀಲಿ ಫಾಸ್ಫೇಟ್ ಕಡಿಮೆ ಮಾಡಬೇಕು ಅಂತ ಆ ದೇಶಗಳಲ್ಲಿ ಕಾನೂನು ಬರೋದಕ್ಕೆ ಈ ಪ್ರಯೋಗಗಳು ದೊಡ್ಡ ಕಾರಣ.

ಲೆಕ್ಕ ಹಾಕಿ ನೋಡಿದ್ರೆ ನಿಜವಾಗ್ಲೂ ಎದೆ ಝಲ್ ಅನ್ನುತ್ತೆ. ಒಂದು ಕೆಜಿ ರಂಜಕದಿಂದ ಸುಮಾರು 100 ಕೆಜಿಗೂ ಜಾಸ್ತಿ ಒಣ ಪಾಚಿ ಬೆಳೆಯಬಹುದು. 50 ಕೆಜಿ ಡಿಎಪಿ ಮೂಟೇಲಿ ಅಸಲಿ ರಂಜಕ ಇರೋದು ಸುಮಾರು 10 ಕೆಜಿ, ಅಂದ್ರೆ ಒಂದು ಮೂಟೆ ಪೂರ್ತಿ ಕೊಚ್ಕೊಂಡು ಹೋಗಿ ನೀರು ಸೇರಿ ಅದೆಲ್ಲ ಪಾಚಿಗೇ ಸಿಕ್ತು ಅಂತಿಟ್ಕೊಂಡ್ರೆ ಒಂದು ಟನ್ ಒಣ ಪಾಚಿ, ಹಸಿ ಲೆಕ್ಕದಲ್ಲಿ ಅದರ ಎಷ್ಟೋ ಪಟ್ಟು. ಹೊಲಕ್ಕೆ ಹಾಕಿದ್ದೆಲ್ಲ ಹಂಗೆ ಹೋಗಲ್ಲ ಬಿಡಿ, ಹೆಚ್ಚಿನದು ಮಣ್ಣಲ್ಲೇ ಉಳಿಯುತ್ತೆ, ಆದ್ರೂ ಸ್ವಲ್ಪ ಸೋರಿದ್ರೂ ಕೆರೆಗೆ ಅದು ಸ್ವಲ್ಪ ಅಲ್ಲ.

ಚೀನಾದ ಚಿಂಗ್‌ಡಾವೋದಲ್ಲಿ ಆಗಿದ್ದು

2008ರ ಬೀಜಿಂಗ್ ಒಲಿಂಪಿಕ್ಸಲ್ಲಿ ಹಾಯಿದೋಣಿ ಸ್ಪರ್ಧೆ ಇದ್ದಿದ್ದು ಚಿಂಗ್‌ಡಾವೋ ಅನ್ನೋ ಕರಾವಳಿ ಊರಲ್ಲಿ. ಆಟ ಶುರುವಾಗೋಕೆ ಸ್ವಲ್ಪ ವಾರ ಇರೋವಾಗ ಅಲ್ಲಿ ಸಮುದ್ರ ಪೂರ್ತಿ ಹಸಿರು ಪಾಚಿಯಿಂದ ಮುಚ್ಚಿಹೋಯ್ತು. ಸಾವಿರಾರು ಜನ, ಸೈನಿಕರು, ಮೀನು ದೋಣಿಗಳು ಎಲ್ಲ ಸೇರಿ ಹತ್ತು ಲಕ್ಷ ಟನ್ನಿಗೂ ಜಾಸ್ತಿ ತೆಗೆದು ಹಾಕಿದ್ರು. ಆಮೇಲೂ ಹೆಚ್ಚುಕಮ್ಮಿ ಪ್ರತಿ ಬೇಸಿಗೇಲೂ ಅದು ಬರ್ತಾನೇ ಇದೆ.

ಆ ಪಾಚಿ ಹೆಸರು ಉಲ್ವಾ. ಬೆರಳಲ್ಲಿ ಹಿಡಿದ್ರೆ ತೆಳ್ಳಗೆ, ಒದ್ದೆ ಸೊಪ್ಪು, ಒಂದೆರಡು ಜೀವಕೋಶದಷ್ಟೇ ದಪ್ಪ. ಅಷ್ಟು ತೆಳ್ಳಗಿರೋದೇ ಅದರ ಶಕ್ತಿ, ಬೇರಿಂದ ಎಳ್ಕೊಂಡು ಕಾಂಡದಲ್ಲಿ ಮೇಲೆ ಸಾಗಿಸೋ ಕೆಲಸಾನೇ ಇಲ್ಲ, ಮೈಯೆಲ್ಲ ಬಾಯಿ, ನೀರಲ್ಲಿ ಸಾರಜನಕ ಸಿಕ್ಕ ತಕ್ಷಣ ಎಳ್ಕೊಂಡು ಬೆಳೆಯುತ್ತೆ. ಹರಿದು ತುಂಡಾದ್ರೆ ಸಾಯಲ್ಲ, ತುಂಡು ತುಂಡೂ ಬೇರೆ ಬೇರೆಯಾಗಿ ಬೆಳೆಯುತ್ತೆ. ಅನುಕೂಲ ಕೂಡಿ ಬಂದ್ರೆ ಕೆಲವೇ ದಿನದಲ್ಲಿ ತೂಕ ಎರಡರಷ್ಟಾಗುತ್ತೆ.

ಆದ್ರೆ ಅದು ಹುಟ್ಟಿದ್ದು ಚಿಂಗ್‌ಡಾವೋದಲ್ಲಲ್ಲ. ದಕ್ಷಿಣಕ್ಕೆ ಜಿಯಾಂಗ್ಸು ಪ್ರಾಂತ್ಯದ ತೀರದಲ್ಲಿ ನೋರಿ ಅನ್ನೋ ತಿನ್ನೋ ಪಾಚಿನ ಹಗ್ಗ, ಬಿದಿರು ಕಟ್ಟಿ ಬಹಳ ದೊಡ್ಡ ಪ್ರಮಾಣದಲ್ಲಿ ಬೆಳೀತಾರೆ. ಆ ಹಗ್ಗಗಳಿಗೆ ಉಲ್ವಾ ಕಳೆಯಾಗಿ ಹತ್ಕೊಳ್ಳುತ್ತೆ. ವಸಂತದಲ್ಲಿ ಬೆಳೆ ಮುಗಿದ ಮೇಲೆ ಹಗ್ಗ ಕ್ಲೀನ್ ಮಾಡೋವಾಗ ಕಳೆನ ಕೆರೆದು ಅಲ್ಲೇ ನೀರಿಗೆ ಬಿಡ್ತಿದ್ರು. ಅದು ತೇಲ್ಕೊಂಡು, ಗಾಳಿ ಮತ್ತು ಪ್ರವಾಹದ ಜೊತೆ ಉತ್ತರಕ್ಕೆ ಹೋಗ್ತಾ, ದಾರೀಲಿ ನದಿಗಳು ತಂದು ಸುರಿಯೋ ಗೊಬ್ಬರದ ನೀರು ಕುಡಿದು ಬೆಳೀತಾ ಬೆಳೀತಾ ಚಿಂಗ್‌ಡಾವೋ ಮುಟ್ಟೋ ಹೊತ್ತಿಗೆ ಅಷ್ಟಾಗಿತ್ತು. ಬೀಜ ಒಂದು ಕಡೆ, ಗೊಬ್ಬರ ಇನ್ನೊಂದು ಕಡೆ, ತೊಂದರೆ ಮೂರನೇ ಕಡೆ. ಬೀಚಲ್ಲಿ ನಿಂತು ನೋಡೋರಿಗೆ ಇದು ಗೊತ್ತಾಗೋಕೆ ಸಾಧ್ಯಾನೇ ಇಲ್ಲ.

ಅಟ್ಲಾಂಟಿಕ್ ಸಮುದ್ರದ ಕಂದು ಪಟ್ಟಿ

ವಿಡಿಯೋಗಳಲ್ಲಿ ಕಾಣೋ ಕಂದು ಸೊಪ್ಪು ಸಾಮಾನ್ಯವಾಗಿ ಸರ್ಗಾಸಮ್. ಅದಕ್ಕೆ ಸಣ್ಣ ಕಾಳಿನಷ್ಟು ಗಾಳಿ ಗುಳ್ಳೆಗಳಿರ್ತವೆ, ಅದರಿಂದ ಜೀವನಪೂರ್ತಿ ತೇಲ್ಕೊಂಡೇ ಇರುತ್ತೆ, ನೆಲ ಮುಟ್ಟೋ ಅಗತ್ಯಾನೇ ಇಲ್ಲ. ಇದು ಹಿಂದಿಂದಲೂ ಉತ್ತರ ಅಟ್ಲಾಂಟಿಕ್ಕಿನ ಸರ್ಗಾಸೋ ಸಮುದ್ರದಲ್ಲಿತ್ತು. 2011ರಿಂದ ಮಾತ್ರ ಆಫ್ರಿಕಾ ತೀರದಿಂದ ಮೆಕ್ಸಿಕೋ ಕೊಲ್ಲಿವರೆಗೆ ಹೊಸದೊಂದು ಪಟ್ಟಿ ಹೆಚ್ಚುಕಮ್ಮಿ ಪ್ರತಿ ವರ್ಷ ಕಾಣಿಸ್ಕೊಳ್ತಿದೆ, 2018ರಲ್ಲಿ ಸ್ಯಾಟಲೈಟಿಂದ ಅಳೆದಾಗ ಅದರ ಉದ್ದ 8,850 ಕಿಲೋಮೀಟರ್, ತೂಕ 2 ಕೋಟಿ ಟನ್ನಿಗೂ ಮೇಲೆ. ಗಾಳಿಯ ದಿಕ್ಕು ಬದಲಾಗಿದ್ದು, ಆಳದ ನೀರು ಮೇಲೆ ಬರೋದು, ಅಮೆಜಾನಿನಂಥ ದೊಡ್ಡ ನದಿಗಳ ನೀರು, ಇವುಗಳಲ್ಲಿ ಯಾವುದರ ಪಾಲು ಎಷ್ಟು ಅನ್ನೋದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆ ಇದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಡು ಸಮುದ್ರದಲ್ಲಿ ತೇಲೋ ಸರ್ಗಾಸಮ್ ಕಸ ಅಲ್ಲ. ಮರಿ ಆಮೆಗಳು, ಸಣ್ಣ ಮೀನು, ಏಡಿ ಎಲ್ಲ ಅದರೊಳಗೇ ಅಡಗಿ ಬದುಕೋದು, ಸುತ್ತ ಮುತ್ತ ಬರೀ ನೀರಿರೋವಾಗ ಅವಕ್ಕೆ ಅದೇ ಮನೆ. ಅದೇ ವಸ್ತು ದಡಕ್ಕೆ ಬಂದು ರಾಶಿ ಬಿದ್ರೆ ಕೆಳಗಿನ ಹವಳಕ್ಕೆ, ಸಮುದ್ರದ ಹುಲ್ಲಿಗೆ ಬಿಸಿಲು ತಪ್ಪಿಸುತ್ತೆ, ಮೊಟ್ಟೆ ಇಡೋಕೆ ಬರೋ ಆಮೆಗೆ ಅಡ್ಡ ಆಗುತ್ತೆ, ಆಮೇಲೆ ಕೊಳೆಯುತ್ತೆ. ಕೊಳೆತಾಗ ಕೊಳೆತ ಮೊಟ್ಟೆ ವಾಸನೆ ಬರುತ್ತಲ್ಲ, ಅದು ಹೈಡ್ರೋಜನ್ ಸಲ್ಫೈಡ್ ಅನ್ನೋ ಗ್ಯಾಸು. ಜಾಸ್ತಿಯಾದ್ರೆ ಪ್ರಾಣಕ್ಕೇ ಅಪಾಯ. 2009ರಲ್ಲಿ ಫ್ರಾನ್ಸಿನ ಬ್ರಿಟನಿ ಕರಾವಳೀಲಿ ಕೊಳೆತ ಉಲ್ವಾ ರಾಶೀಲಿ ಸಿಕ್ಕಿಹಾಕ್ಕೊಂಡ ಒಂದು ಕುದುರೆ ಅಲ್ಲೇ ಸತ್ತುಹೋಯ್ತು, ಸವಾರನಿಗೆ ಪ್ರಜ್ಞೆ ತಪ್ಪಿತ್ತು. ಆ ಪ್ರದೇಶ ಹಂದಿ ಸಾಕಣೆ, ಬೇಸಾಯಕ್ಕೆ ಹೆಸರುವಾಸಿ, ಹೊಲದ ನೈಟ್ರೇಟ್ ಹೊಳೆಗಳ ಮೂಲಕ ಸಮುದ್ರ ಸೇರೋದೇ ಅಲ್ಲಿ ಉಲ್ವಾ ಬೆಳೆಯೋದಕ್ಕೆ ಮುಖ್ಯ ಕಾರಣ.

ಮೀನು ಬೆಳಗಿನ ಜಾವಾನೇ ಸಾಯೋದು ಯಾಕೆ

ಹಗಲಲ್ಲಿ ಪಾಚಿ ಆಮ್ಲಜನಕ ಬಿಡುತ್ತೆ, ಅದು ಸ್ಕೂಲಲ್ಲೇ ಓದಿದೀವಿ. ಆದ್ರೆ ಉಸಿರಾಡೋದು ಮಾತ್ರ ಹಗಲು ರಾತ್ರಿ ಎರಡೂ ಹೊತ್ತು. ಪಾಚಿ ಉಕ್ಕಿರೋ ಕೆರೇಲಿ ಮಧ್ಯಾಹ್ನ ಮೂರು ಗಂಟೆಗೆ ಅಳೆದ್ರೆ ಆಮ್ಲಜನಕ ಬೇಕಾದ್ದಕ್ಕಿಂತ ಜಾಸ್ತಿ ಇರುತ್ತೆ, ಹೊತ್ತು ಮುಳುಗಿದ ಮೇಲೆ ಪಾಚಿ, ಮೀನು, ಬ್ಯಾಕ್ಟೀರಿಯಾ ಎಲ್ಲ ಸೇರಿ ಅದನ್ನ ಖರ್ಚು ಮಾಡ್ತಾನೇ ಹೋಗ್ತವೆ, ಹೊಸದಾಗಿ ಮಾಡೋರು ಯಾರೂ ಇಲ್ಲ, ಹಂಗಾಗಿ ಬೆಳಗಿನ ಜಾವ ನಾಲ್ಕೈದು ಗಂಟೆಗೆ ಅದು ತಳ ಮುಟ್ಟುತ್ತೆ. ಲೀಟರಿಗೆ 2 ಮಿಲಿಗ್ರಾಂ ಕೆಳಗೆ ಬಂದ್ರೆ ಹೆಚ್ಚಿನ ಮೀನಿಗೆ ಕಷ್ಟ. ಕಾಟ್ಲಾ, ರೋಹು ಮೇಲೆ ಬಂದು ಬಾಯಿ ತೆಗೆದು ಮುಚ್ಚಿ ಮಾಡ್ತಿದ್ರೆ ಅದು ಉಸಿರಿಗೆ ಒದ್ದಾಡ್ತಿರೋದು ಅಂತ ಅರ್ಥ. ಬೆಳಿಗ್ಗೆ ಒಂಬತ್ತು ಗಂಟೆಗೆ ಸತ್ತ ಮೀನು ನೋಡಿ ಆಮೇಲೆ ನೀರು ತಗೊಂಡು ಹೋಗಿ ಟೆಸ್ಟ್ ಮಾಡ್ಸಿದ್ರೆ ಅಷ್ಟೊತ್ತಿಗೆ ಬಿಸಿಲು ಬಂದು ಆಮ್ಲಜನಕ ಮತ್ತೆ ಏರಿರುತ್ತೆ, ರಿಪೋರ್ಟಲ್ಲಿ ಎಲ್ಲ ಸರಿ ಇದೆ ಅಂತ ಬಂದ್ರೆ ಆಶ್ಚರ್ಯ ಇಲ್ಲ, ವಿಷಾನೇ ಹಾಕಿದಾರೆ ಅನ್ನೋ ಅನುಮಾನಕ್ಕೆ ಇದೂ ಒಂದು ಕಾರಣ.

ಇನ್ನೂ ಕೆಟ್ಟದ್ದು ಪಾಚಿ ಸಾಯೋ ದಿನ. ಎರಡು ಮೂರು ದಿನ ಮೋಡ ಕಟ್ಕೊಂಡ್ರೆ, ಅಥವಾ ನೀರಲ್ಲಿದ್ದ ಗೊಬ್ಬರ ಮುಗಿದ್ರೆ, ಉಕ್ಕಿದ ಪಾಚಿ ಒಟ್ಟಿಗೇ ಸಾಯುತ್ತೆ. ಅದನ್ನ ಕೊಳೆಸೋ ಬ್ಯಾಕ್ಟೀರಿಯಾ ಉಳಿದ ಆಮ್ಲಜನಕನೂ ಕುಡಿದುಬಿಡ್ತವೆ. ಸಮುದ್ರದಲ್ಲೂ ಇದೇ ನಡೆಯೋದು, ನದಿಗಳು ಗೊಬ್ಬರ ತಂದು ಸುರಿಯೋ ಕೆಲವು ತೀರಗಳಲ್ಲಿ ತಳದ ನೀರಲ್ಲಿ ಮೀನು ಬದುಕೋಕೇ ಆಗದ ಜಾಗಗಳಿವೆ. ಬೆಳೆಯೋವಾಗಿಗಿಂತ ಸಾಯೋವಾಗ ಪಾಚಿ ಜಾಸ್ತಿ ಕೊಲ್ಲುತ್ತೆ.

ನಮ್ಮ ರಾಜ್ಯದ ಕರಾವಳೀಲಿ

ಅರಬ್ಬಿ ಸಮುದ್ರದಲ್ಲಿ ಪಾಚಿ ಉಕ್ಕೋದು ಹೊಸದೇನಲ್ಲ, ಪ್ರತಿ ಮಳೆಗಾಲ ಆಗುತ್ತೆ. ನೈಋತ್ಯ ಮಾನ್ಸೂನ್ ಗಾಳಿ ಬೀಸೋವಾಗ ತೀರದ ಹತ್ರದ ಮೇಲಿನ ನೀರು ಆಚೆ ಸರಿದು, ಆಳದಿಂದ ತಣ್ಣನೆ, ಪೋಷಕಾಂಶ ತುಂಬಿರೋ ನೀರು ಮೇಲೆ ಬರುತ್ತೆ. ಸೂಕ್ಷ್ಮ ಪಾಚಿ ಬೆಳೆಯುತ್ತೆ, ಅದನ್ನ ನಂಬಿ ಬೂತಾಯಿ, ಬಂಗುಡೆ ಬೆಳೆಯುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರೋದು ಇದೇ ಹೊತ್ತಲ್ಲಿ. ಮಾರ್ಕೆಟ್ಟಿಗೆ ಐಸ್ ಪೆಟ್ಟಿಗೇಲಿ ಬರೋ ಬಂಗುಡೆ ಹಿಂದೆ ಈ ಪಾಚಿನೇ ಇರೋದು, ಹಂಗಾಗಿ ಬ್ಲೂಮ್ ಅಂದ ತಕ್ಷಣ ಕೆಟ್ಟದ್ದು ಅಂತ ಅನ್ಕೋಬಾರದು.

2020ರ ಕೊನೇಲಿ ಉಡುಪಿ, ಕಾರವಾರದ ಕಡೆ ರಾತ್ರಿ ಅಲೆ ನೀಲಿ ಬೆಳಕಾಗಿ ಹೊಳೆದಿದ್ದು ಸುದ್ದಿ ಆಗಿತ್ತು. ಅದು ನಾಕ್ಟಿಲ್ಯುಕಾ ಅನ್ನೋ ಒಂಟಿಕೋಶದ ಜೀವಿ, ಅಲೆ ಹೊಡೆದು ಅಲ್ಲಾಡಿಸಿದಾಗ ಮಿನುಗುತ್ತೆ. ಅರಬ್ಬಿ ಸಮುದ್ರದಲ್ಲಿ ಸಿಗೋ ಇದರ ಹಸಿರು ಜಾತಿ ತನ್ನ ಹೊಟ್ಟೆಯೊಳಗೇ ಸಣ್ಣ ಪಾಚಿಗಳನ್ನ ಇಟ್ಕೊಂಡಿರುತ್ತೆ, ಒಳಗಿನ ಪಾಚಿ ಊಟ ಮಾಡಿಕೊಡುತ್ತೆ, ಹೊರಗಡೆಯಿಂದಲೂ ಅದು ಹಿಡಿದು ತಿನ್ನುತ್ತೆ. ನೋಡೋಕೆ ಚೆಂದ, ಆದ್ರೆ ಇದನ್ನ ತಿನ್ನೋ ಮೀನು ಕಡಿಮೆ, ಜಾಸ್ತಿಯಾದ್ರೆ ಬೂತಾಯಿ ಬಂಗುಡೆವರೆಗೆ ಹೋಗಬೇಕಾದ ಊಟ ಇಲ್ಲೇ ನಿಂತುಹೋಗುತ್ತೆ.

ಇತ್ತ ನಮ್ಮ ಕೆರೆಗಳು

ನಮ್ಮಲ್ಲಿ ವರ್ಷಪೂರ್ತಿ ಹರಿಯೋ ನದಿ ಇಲ್ಲ, ಇರೋದು ಒಂದರ ಕೋಡಿ ಇನ್ನೊಂದಕ್ಕೆ ಹರಿಯೋ ಕೆರೆಗಳ ಸಾಲು. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡ್ತಿದಾರೆ, ಮೊದಲು ಬಂದಿದ್ದು ಲಕ್ಷ್ಮೀಸಾಗರ ಕೆರೆಗೆ. ಚಿಕ್ಕಬಳ್ಳಾಪುರಕ್ಕೆ ಹೆಬ್ಬಾಳ-ನಾಗವಾರ ಕಣಿವೆಯ ನೀರು. ಉದ್ದೇಶ ಅಂತರ್ಜಲ ಏರಿಸೋದು. ಎರಡು ಹಂತ ಅಂದ್ರೆ, ಮೊದಲು ಗಟ್ಟಿ ಕಸ, ಕೆಸರು ಕೂರಿಸೋದು, ಆಮೇಲೆ ಬ್ಯಾಕ್ಟೀರಿಯಾ ಬಿಟ್ಟು ಕೊಳೆಯೋ ವಸ್ತು ತಿನ್ನಿಸೋದು. ನೀರಲ್ಲಿ ಕರಗಿರೋ ಸಾರಜನಕ, ರಂಜಕ ಇದರಲ್ಲಿ ಪೂರ್ತಿ ಹೋಗಲ್ಲ, ಅದಕ್ಕೆ ಅಂತಾನೇ ಬೇರೆ ಹಂತ ಬೇಕು. ವಾಸನೆ ಹೋಗಿ ನೀರು ತಿಳಿಯಾಗಿ ಕಂಡ್ರೂ ಪಾಚಿಗೆ ಊಟ ಇದ್ದೇ ಇರುತ್ತೆ. ಇದರ ಜೊತೆ ನಮ್ಮೂರುಗಳದ್ದೇ ಚರಂಡಿ, ಬಟ್ಟೆ ಒಗೆದ ನೀರು, ತರಕಾರಿ ಹೊಲದ ಗೊಬ್ಬರ ಎಲ್ಲ ಸೇರುತ್ತೆ, ಬೆಂಗಳೂರಿನ ಮೇಲೆ ಮಾತ್ರ ಹಾಕೋದು ಸರಿಯಲ್ಲ.

ಇನ್ನೊಂದು ವಿಷಯ ಯಾರೂ ಅಷ್ಟಾಗಿ ಮಾತಾಡಲ್ಲ. ಹಿಂದೆ ಬೇಸಿಗೇಲಿ ಕೆರೆ ಒಣಗ್ತಿತ್ತು, ತಳ ಬಿರುಕು ಬಿಡ್ತಿತ್ತು, ರೈತರು ಗೋಡು ಮಣ್ಣು ಗಾಡೀಲಿ, ಟ್ರ್ಯಾಕ್ಟರಲ್ಲಿ ಹೊಲಕ್ಕೆ ಹೊಡೀತಿದ್ರು. ಕೆರೆ ತಳದಲ್ಲಿ ಕೂತಿದ್ದ ರಂಜಕ ಆ ಮಣ್ಣಿನ ಜೊತೆ ವಾಪಸ್ ಹೊಲ ಸೇರ್ತಿತ್ತು. ಈಗ ವರ್ಷವಿಡೀ ನೀರು ನಿಂತಿರೋ ಕೆರೇಲಿ ಹೂಳು ತೆಗೆಯೋ ಅವಕಾಶಾನೇ ಸಿಗಲ್ಲ. ನೀರಿಗಾಗಿ ಅಷ್ಟು ವರ್ಷ ಬಾಯಿ ಬಿಟ್ಕೊಂಡು ಕಾದ ನಮಗೆ ಕೆರೆ ತುಂಬಿದ್ದು ಕಂಡ್ರೆ ಖುಷಿ, ಆ ಖುಷಿ ನನಗೂ ಇದೆ. ಆದ್ರೆ ತಳದ ಕೆಸರಲ್ಲಿ ರಂಜಕ ಜಮಾ ಆಗ್ತಾ ಹೋಗುತ್ತೆ, ಮತ್ತೆ ತಳದಲ್ಲಿ ಆಮ್ಲಜನಕ ಮುಗಿದಾಗ ಅದು ಕರಗಿ ಮೇಲೆ ಬರುತ್ತೆ. ಹೊರಗಿನಿಂದ ಬರೋ ಗೊಬ್ಬರ ನಿಲ್ಲಿಸಿದ್ರೂ ಒಳಗಿರೋ ಈ ದಾಸ್ತಾನು ಕೆಲವು ವರ್ಷ ಪಾಚಿನ ಸಾಕುತ್ತೆ.

ಬಾಚಿ ಹಾಕಿದ್ರೆ, ಮೈಲುತುತ್ತ ಸುರಿದ್ರೆ ಹೋಗುತ್ತಾ

ಬೀಚಿನ ಸೀವೀಡನ್ನ ಕೊಳೆಯೋದಕ್ಕೆ ಮುಂಚೆ ಎತ್ತಿದ್ರೆ ಪ್ರಯೋಜನ ಇದೆ, ಅದರ ಮೈಯಲ್ಲಿರೋ ಸಾರಜನಕನೂ ಜೊತೇಲೇ ಆಚೆ ಹೋಗುತ್ತೆ. ಗೊಬ್ಬರ ಮಾಡ್ತೀವಿ ಅಂದ್ರೆ ಉಪ್ಪು ತೊಳೀಬೇಕು, ಸರ್ಗಾಸಮ್‌ನಲ್ಲಿ ಆರ್ಸೆನಿಕ್ ಕೂಡ ಇರುತ್ತೆ, ಹಂಗೇ ಹೊಲಕ್ಕೆ ಹಾಕೋ ಹಂಗಿಲ್ಲ.

ಕೆರೆ ವಿಷಯಕ್ಕೆ ಬಂದ್ರೆ ದ್ರಾಕ್ಷಿ, ಟೊಮ್ಯಾಟೊ ಬೆಳೆಯೋರು ಮೊದಲು ಕೇಳೋದೇ ಮೈಲುತುತ್ತದ (ಕಾಪರ್ ಸಲ್ಫೇಟ್) ಬಗ್ಗೆ, ಬೋರ್ಡೋ ದ್ರಾವಣಕ್ಕೆ ಹಾಕ್ತೀವಲ್ಲ ಅಣ್ಣ, ಅದನ್ನೇ ಕೆರೆಗೆ ಸುರಿದ್ರೆ ಪಾಚಿ ಸಾಯಲ್ವಾ ಅಂತ. ಸಾಯುತ್ತೆ. ಅದೇ ಅಪಾಯ. ನೀಲಿಹಸಿರು ಪಾಚೀಲಿ ಕೆಲವು ಜಾತಿ ತಮ್ಮ ಮೈಯೊಳಗೆ ವಿಷ ಇಟ್ಕೊಂಡಿರ್ತವೆ, ಬದುಕಿರೋವರೆಗೆ ಹೆಚ್ಚಿನದು ಒಳಗೇ ಇರುತ್ತೆ, ಒಟ್ಟಿಗೇ ಸತ್ತು ಕೋಶ ಒಡೆದ್ರೆ ಪೂರ್ತಿ ನೀರಿಗೆ ಬರುತ್ತೆ. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ಐಲೆಂಡಿನಲ್ಲಿ ಕುಡಿಯೋ ನೀರಿನ ಡ್ಯಾಮಿಗೆ ಪಾಚಿ ಹೋಗಲಿ ಅಂತ ಮೈಲುತುತ್ತ ಹಾಕಿದ್ರು, ಕೆಲವೇ ದಿನದಲ್ಲಿ 148 ಜನ ಕಾಯಿಲೆ ಬಿದ್ರು, ಅವರಲ್ಲಿ ಬಹುಪಾಲು ಮಕ್ಕಳು.

ಕೆಲಸ ಮಾಡೋದು ಊಟ ನಿಲ್ಲಿಸೋದು ಮಾತ್ರ. ಅಮೆರಿಕದ ಸಿಯಾಟಲ್ ಪಕ್ಕದ ವಾಷಿಂಗ್ಟನ್ ಸರೋವರಕ್ಕೆ ಸುತ್ತಮುತ್ತಲ ಊರುಗಳ ಚರಂಡಿ ನೀರು ಬರ್ತಿತ್ತು, 1968ರ ಹೊತ್ತಿಗೆ ಅಷ್ಟನ್ನೂ ಬೇರೆ ಕಡೆ ತಿರುಗಿಸಿದ್ರು, ಕೆಲವೇ ವರ್ಷದಲ್ಲಿ ಪಾಚಿ ಇಳಿದು ನೀರು ತಿಳಿಯಾಯ್ತು. ಅದು ಆಳದ ಸರೋವರ, ನಮ್ಮದು ಕೆಸರು ತುಂಬಿದ ಕಡಿಮೆ ಆಳದ ಕೆರೆಗಳು, ಅಷ್ಟು ಬೇಗ ಆಗಲ್ಲ, ಒಳಗಿನ ಹೂಳಿಗೂ ಒಂದು ದಾರಿ ಮಾಡಬೇಕು. ಹೂಳು ಎತ್ತಿದ್ರೆ ಹೊಲಕ್ಕೆ ಹೊಡೆಯೋ ಮುಂಚೆ ಲ್ಯಾಬಲ್ಲಿ ಒಂದ್ಸಲ ಟೆಸ್ಟ್ ಮಾಡಿಸೋದು ವಾಸಿ, ಊರಿನ ಚರಂಡಿ ಸೇರೋ ಕೆರೇಲಿ ಭಾರಲೋಹ ಇರೋ ಸಾಧ್ಯತೆ ಇದೆ.

ದನ ಕರು ಇರೋರಿಗೆ

ಹಸಿರಾದ ಪ್ರತಿ ಕೆರೆಯೂ ವಿಷ ಅಲ್ಲ, ಆದ್ರೆ ಬಣ್ಣ ನೋಡಿ ಯಾವುದು ಅಂತ ಹೇಳೋಕೆ ಯಾರಿಗೂ ಆಗಲ್ಲ. 1878ರಲ್ಲೇ ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಸರೋವರದಲ್ಲಿ ಇಂಥ ನೀರು ಕುಡಿದು ಕುರಿ, ಕುದುರೆ, ನಾಯಿ ಸತ್ತಿದ್ದು ದಾಖಲಾಗಿದೆ. ಸಾಮಾನ್ಯವಾಗಿ ಕಾಣೋ ಮೈಕ್ರೋಸಿಸ್ಟಿಸ್ ಅನ್ನೋ ಜಾತಿಯ ವಿಷ ಲಿವರಿಗೆ ಹೊಡೆಯುತ್ತೆ, ಕುಡಿಯೋ ನೀರಲ್ಲಿ ಲೀಟರಿಗೆ 1 ಮೈಕ್ರೋಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಕುದಿಸಿದ್ರೆ ಈ ವಿಷ ಹೋಗಲ್ಲ. 2014ರಲ್ಲಿ ಅಮೆರಿಕದ ಟೊಲೆಡೋ ಊರಿನ ಲಕ್ಷಾಂತರ ಜನಕ್ಕೆ ನಲ್ಲಿ ನೀರು ಕುಡೀಬೇಡಿ, ಕುದಿಸಿಯೂ ಕುಡೀಬೇಡಿ ಅಂತ ಹೇಳಿದ್ದು ಇದಕ್ಕೇ.

ಮೈಕ್ರೋಸಿಸ್ಟಿಸ್ ಕೋಶದೊಳಗೆ ಗಾಳಿ ಚೀಲ ಇರೋದ್ರಿಂದ ಅದು ಮೇಲೆ ತೇಲುತ್ತೆ, ಗಾಳಿ ಅದನ್ನ ತಳ್ಕೊಂಡು ಹೋಗಿ ಒಂದು ದಡದಲ್ಲಿ ಕೆನೆ ಕಟ್ಟಿಸುತ್ತೆ. ಕೆರೆ ನಡುವಿನ ನೀರಿಗಿಂತ ಆ ಕೆನೇಲಿ ವಿಷ ಎಷ್ಟೋ ಪಟ್ಟು ಜಾಸ್ತಿ, ದನಗಳು ಬಾಯಿ ಹಾಕೋದೂ ಅದೇ ದಡದ ಅಂಚಲ್ಲಿ. ಗಾಳಿ ಬಡಿಯೋ ದಡದಲ್ಲಿ ಹಸಿರು ಕೆನೆ ಕಂಡ್ರೆ ಆ ದಿನಗಳಲ್ಲಿ ದನಕ್ಕೆ ತೊಟ್ಟೀಲಿ ಬೋರ್‌ವೆಲ್ ನೀರು ಕೊಡಿ, ನಾಯಿ ನೀರಿಗಿಳಿದಿದ್ರೆ ಮೈ ನೆಕ್ಕೋದಕ್ಕೆ ಮುಂಚೆ ತೊಳೀರಿ, ಮಕ್ಕಳನ್ನ ಈಜೋಕೆ ಬಿಡಬೇಡಿ, ಸತ್ತ ಮೀನು ಫ್ರೆಶ್ ಆಗಿ ಕಂಡ್ರೂ ಮನೆಗೆ ತರಬೇಡಿ.